ಒಂಬತ್ತನೇ ವೈರು

ಅಕ್ಕನ ಫೋನ್ ಬಂದಾಗ ಬೆಳಗಿನ ಜಾವ ನಾಲ್ಕೂವರೆ. ಆ ಹೊತ್ತಿಗೆ ಫೋನ್ ಹೊಡಕೊಂಡರೆ ನನಗೆ ಮೊದಲು ನೆನಪಾಗುವುದು ಆಫೀಸಿನ ಸರ್ವರ್. ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ಕಡೆ ಕೈ ಚಾಚಿದ್ದೆ.

"ಬೋಟಿಗೆ ನೀರ್ ಹೊಕ್ಕಿತ್ತ್. ಭಾವ ಬಂದರಿಗೆ ಓಡ್ಕಂಡ್ ಹೋಯಿರ್. ನೀನ್ ಎಂತಾರೂ ವೈರ್ ತೆಗ್ದಿದ್ಯಾ?"

ತೆಗೆದಿದ್ದೆ. ಒಂಬತ್ತನೇ ನಂಬರಿನ ವೈರು. ತೆಗೆದು, ತುದಿಗೆ ಟೇಪ್ ಸುತ್ತಿ, ನೋಟ್‌ಬುಕ್ಕಿನಲ್ಲಿ "ಸತ್ತ ವೈರು, ಕೆಲಸ ಇಲ್ಲ" ಎಂದು ನೀಟಾಗಿ ಬರೆದೂ ಇಟ್ಟಿದ್ದೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಆಫೀಸು, ಬಾಡಿಗೆ ಮನೆ, ಟ್ರಾಫಿಕ್ ಅಂತ ಬರೀತಿರ್ತೀನಿ. ಈ ಸಲ ಬೋಟು. ನಿಮ್ಮಲ್ಲಿ ಬಹಳ ಜನ ಬೋಟ್ ಕೊಳ್ಳೋರಲ್ಲ, ಗೊತ್ತು. ಆದರೆ ಬೇರೆಯವರು ಮಾಡಿಟ್ಟು ಹೋದ ಕೆಲಸದ ಮೇಲೆ ಕೈ ಇಡುವ ಅವಸ್ಥೆ ಎಲ್ಲರಿಗೂ ಬಂದಿರುತ್ತೆ. ಓದಿ ನೋಡಿ.

ಭಾವನದ್ದು ಗಂಗೊಳ್ಳಿ. ಇಪ್ಪತ್ತು ವರ್ಷ ಬೇರೆಯವರ ಬೋಟಿನಲ್ಲಿ ದುಡಿದವರು. ಮೊದಲು ಕಲಾಸಿ, ಆಮೇಲೆ ತಾಂಡೇಲ. ಹೋದ ವರ್ಷ ಸೊಸೈಟಿ ಸಾಲ, ಅಕ್ಕನ ಬಳೆ, ನನ್ನದೂ ಸ್ವಲ್ಪ ಸೇರಿಸಿ ಬೇರೆ ಬಂದರಿನಿಂದ ಒಂದು ಹಳೇ ಮರದ ಬೋಟು ತಂದರು. ಸುಮಾರು 30 ಅಡಿ, ಒಳಗೆ ಡೀಸೆಲ್ ಎಂಜಿನ್. ಹಲಗೆ ಗಟ್ಟಿ, ಎಂಜಿನ್ ಪರವಾಗಿಲ್ಲ ಅಂತ ಮೇಸ್ತ್ರಿ ಹೇಳಿದರು. ವೈರಿಂಗ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹಳೇ ಬೋಟ್ ನೋಡಲು ಹೋದವರು ಹಲಗೆ ತಟ್ಟಿ ನೋಡುತ್ತಾರೆ, ಎಂಜಿನ್ ಶಬ್ದ ಕೇಳುತ್ತಾರೆ. ವೈರು ನೋಡುವವರು ಕಡಿಮೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ, ಕಡಲೂ ಒರಟು. ಆಗ ಬೋಟುಗಳ ರಿಪೇರಿ, ಪೇಂಟಿಂಗ್, ಬಲೆ ಕೆಲಸ. ನಾನು ಎರಡು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಬಂದಿದ್ದೆ. ಭಾವ ಕ್ಯಾಬಿನ್ ಬಾಗಿಲು ತೆಗೆದು ಸ್ವಿಚ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ತೋರಿಸಿದರು. "ಇದ್ ಎಂತದ್ ಅಂತ ಕಾಣ್ ಮಾರಾಯ. ನೀನ್ ಇಂಜಿನಿಯರ್ ಅಲ್ದಾ?"

ಇಂಜಿನಿಯರ್ ಹೌದು, ಕಂಪ್ಯೂಟರ್ ಸೈನ್ಸ್. ಆದರೆ ಊರಲ್ಲಿ ಆ ವ್ಯತ್ಯಾಸ ಯಾರು ಕೇಳ್ತಾರೆ? ಮಿಕ್ಸಿ ಕೆಟ್ಟರೂ ನಮ್ಮನ್ನೇ ಕರೆಯೋದು.

ಟಾರ್ಚ್ ಬೆಳಕಲ್ಲಿ ಕಂಡದ್ದು ವೈರಿಂಗ್ ಅಲ್ಲ, ಹಕ್ಕಿ ಗೂಡು. ಕೆಂಪು, ಕಪ್ಪು, ಹಳದಿ, ನೀಲಿ, ಜತೆಗೆ ಬಣ್ಣವೇ ಗುರುತು ಸಿಗದಷ್ಟು ಮಾಸಿದ ಒಂದೆರಡು. ಕೆಲವು ಲಾರಿ ವೈರು, ಕೆಲವು ಮನೆ ವೈರಿಂಗ್‌ನದು, ಒಂದು ಸ್ಪೀಕರ್ ವೈರು. ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳು. ಟೇಪ್ ಬಿಡಿಸಿದರೆ ಒಳಗೆ ಹಸಿರು ಕಿಲುಬು. ಒಂದು ಫ್ಯೂಸ್ ಇದ್ದ ಜಾಗದಲ್ಲಿ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿದ್ದರು. ಫ್ಯೂಸ್ ಇರುವುದು ಬಲ್ಬನ್ನೋ ರೇಡಿಯೋವನ್ನೋ ಕಾಯಲಿಕ್ಕಲ್ಲ, ವೈರು ಕಾದು ಬೆಂಕಿ ಹತ್ತದಂತೆ ತಡೆಯಲಿಕ್ಕೆ. ಮರದ ಬೋಟು, ಡೀಸೆಲ್ ಟ್ಯಾಂಕು, ನಡುವೆ ಈ ತಾಮ್ರದ ಎಳೆ. ಇಷ್ಟು ವರ್ಷ ಏನೂ ಆಗದೆ ಉಳಿದದ್ದೇ ದೊಡ್ಡದು.

ಬೋಟಿನ ವೈರು ಯಾಕೆ ಹೀಗಾಗುತ್ತೆ ಅಂದರೆ, ಪ್ರತಿ ಮಾಲೀಕರೂ ಏನಾದರೊಂದು ಸೇರಿಸುತ್ತಾರೆ. ಒಬ್ಬರು ಜಿಪಿಎಸ್ ಹಾಕುತ್ತಾರೆ, ಇನ್ನೊಬ್ಬರು ಮೀನು ಹುಡುಕುವ ಫಿಶ್ ಫೈಂಡರ್, ಮತ್ತೊಬ್ಬರು ವಿಎಚ್‌ಎಫ್ ರೇಡಿಯೋ, ಡೆಕ್ಕಿಗೆ ಎಲ್‌ಇಡಿ. ಬೋಟ್ ಮಾರುವಾಗ ಬೆಲೆಬಾಳುವ ಪೆಟ್ಟಿಗೆ ಬಿಚ್ಚಿಕೊಂಡು ಹೋಗುತ್ತಾರೆ, ವೈರು ಅಲ್ಲೇ ಉಳಿಯುತ್ತದೆ. ನಕ್ಷೆ ಅಂತೂ ಯಾರೂ ಬರೆದಿಡಲ್ಲ. ಹತ್ತು ವರ್ಷ ಹತ್ತು ಜನ ಕೈಯಾಡಿಸಿದ, ಒಂದು ಸಾಲು ಕಾಮೆಂಟೂ ಇಲ್ಲದ ಕೋಡ್ ನೋಡಿದ್ದೀರಲ್ಲ? ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಅನ್‌ಡೂ ಇಲ್ಲ.

ಮೊದಲ ದಿನ ಬ್ಯಾಟರಿ ಬಿಚ್ಚಿ, ಎಲ್ಲ ಕೋನದಿಂದ ಫೋಟೋ ತೆಗೆದು, ಕಾಣುವ ಪ್ರತಿ ವೈರಿಗೂ ಬಿಳಿ ಟೇಪಿನಲ್ಲಿ ನಂಬರ್ ಅಂಟಿಸಿದೆ. ಹನ್ನೊಂದು ಆಯಿತು.

ಬಣ್ಣ ನೋಡಿ ಗುರುತು ಹಿಡಿಯಬಹುದಲ್ಲ ಅಂತ ನಿಮಗನಿಸಬಹುದು. ನನಗೂ ಅನಿಸಿತ್ತು. ಅಮೆರಿಕದ ಬೋಟುಗಳಿಗೆ ಒಂದು ಪದ್ಧತಿ ಇದೆ: ಕೆಂಪು ಪ್ಲಸ್, ಕಪ್ಪು ಅಥವಾ ಹಳದಿ ಮೈನಸ್, ದಾರಿದೀಪಗಳಿಗೆ ಗಾಢ ಬೂದು, ಕ್ಯಾಬಿನ್ ಲೈಟಿಗೆ ಗಾಢ ನೀಲಿ, ಡೀಸೆಲ್ ಗೇಜಿಗೆ ಗುಲಾಬಿ, ಪಂಪಿಗೆ ಕಂದು. ಮೈನಸ್ಸಿಗೆ ಹಳದಿ ಯಾಕೆ ತಂದರು ಎಂಬುದೂ ಸ್ವಾರಸ್ಯ. ಅಲ್ಲಿ ಮನೆ ಕರೆಂಟಿನ ವೈರಿಂಗ್‌ನಲ್ಲಿ ಕಪ್ಪು ಅಂದರೆ ಫೇಸ್. ಬೋಟಿನಲ್ಲಿ ಎರಡೂ ಥರದ ಕರೆಂಟ್ ಇದ್ದಾಗ ಕಪ್ಪನ್ನು ಮೈನಸ್ ಅಂತ ತಿಳಿದು ಮುಟ್ಟಿದರೆ ಕಥೆ ಮುಗೀತು. ನಮ್ಮ ಬೋಟಿನಲ್ಲಾದರೆ ಅಂಗಡಿಯಲ್ಲಿ ಆ ದಿನ ಸಿಕ್ಕಿದ ಬಣ್ಣವೇ ಪದ್ಧತಿ. ಒಂದು ಕಡೆ ಕೆಂಪಾಗಿ ಹೊರಟ ವೈರು ಅರ್ಧ ದಾರಿಯಲ್ಲಿ ಜಾಯಿಂಟ್ ಆಗಿ ನೀಲಿಯಾಗಿತ್ತು. ಹಾಗಾಗಿ ಬಣ್ಣ ನೋಡಿ ಊಹೆ ಮಾಡಬಹುದು, ನಂಬುವ ಹಾಗಿಲ್ಲ.

ಮಲ್ಟಿಮೀಟರ್ ತಗೊಂಡು ಕೂತೆ. ವೈರಿನ ಈ ತುದಿಗೆ ಒಂದು ಕಡ್ಡಿ, ಆ ತುದಿಗೆ ಇನ್ನೊಂದು, ಬೀಪ್ ಅಂದರೆ ಒಂದೇ ವೈರು. ಆದರೆ ಬೋಟಿನ ಹಿಂದು ಮುಂದಿಗೆ ಮೀಟರ್ ಕಡ್ಡಿ ಎಟಕುತ್ತದೆಯೇ? ಹತ್ತು ಮೀಟರ್ ಉದ್ದದ ಬೇರೊಂದು ವೈರನ್ನು ಮೀಟರಿಗೆ ಕಟ್ಟಿ, ಅದರ ತುದಿಯನ್ನು ಭಾವನ ಕೈಗೆ ಕೊಟ್ಟು ಹಿಂದಕ್ಕೆ ಕಳಿಸಿದೆ. ಅವರು ಒಂದೊಂದು ತುದಿ ಮುಟ್ಟಿಸುತ್ತಾ "ಇದಾ? ಇದಾ?" ಅನ್ನುವುದು, ನಾನು ಕ್ಯಾಬಿನ್ನಿಂದ "ಅಲ್ಲ, ಅಲ್ಲ, ಹಾಂ!" ಅನ್ನುವುದು. ಪಕ್ಕದ ಬೋಟಿನಲ್ಲಿ ಬಲೆ ಹೊಲಿಯುತ್ತಿದ್ದವರಿಗೆ ಮಳೆಗಾಲದ ಒಳ್ಳೆ ಮನರಂಜನೆ.

ಹೀಗೆ ಆರು ವೈರುಗಳ ಊರು ಸಿಕ್ಕಿತು. ಆರನೆಯದಂತೂ ಬೋಟಿನ ಹಿಂದಿನ ಜನ್ಮವನ್ನೇ ಹೇಳಿತು. ಅದು ಕೂವೆಯ ಮೇಲಕ್ಕೆ ಹೋಗಿ ಒಡೆದ ಒಂದು ಹಸಿರು ಗಾಜಿನ ದೀಪದ ಹತ್ತಿರ ಮುಗಿದಿತ್ತು, ಅದರ ಕೆಳಗೆ ಬಿಳಿ ದೀಪ. ಕಡಲಲ್ಲಿ ಹಡಗುಗಳು ಡಿಕ್ಕಿಯಾಗದಿರಲಿ ಅಂತ 1972ರಲ್ಲಿ ಒಪ್ಪಿಕೊಂಡ ಅಂತಾರಾಷ್ಟ್ರೀಯ ನಿಯಮಗಳಿವೆ. ಅದರ ಪ್ರಕಾರ ರಾತ್ರಿ ಟ್ರಾಲ್ ಬಲೆ ಎಳೆಯುತ್ತಿರುವ ಬೋಟು ಮೇಲೆ ಹಸಿರು, ಕೆಳಗೆ ಬಿಳಿ ತೋರಿಸಬೇಕು. ಬೇರೆ ಥರ ಬಲೆ ಬಿಟ್ಟು ಮೀನು ಹಿಡಿಯುವವರು ಮೇಲೆ ಕೆಂಪು, ಕೆಳಗೆ ಬಿಳಿ. ಅಂದರೆ ನಮ್ಮ ಬೋಟು ಮೊದಲು ಟ್ರಾಲರ್ ಆಗಿತ್ತು. ಮಾರಿದವರು ಅದನ್ನು ಹೇಳಿರಲಿಲ್ಲ. ಭಾವ ಹಾಕುವುದು ಬೀಡುಬಲೆ, ಹಾಗಾಗಿ ಗಾಜು ಕೆಂಪಾಗಬೇಕಿತ್ತು. ಈ ಬಣ್ಣ ತಪ್ಪಿದರೆ ಕತ್ತಲಲ್ಲಿ ಎದುರು ಬರುವ ಬೋಟು ನಿಮ್ಮ ಬಲೆ ಹಿಂದೆ ಇದೆಯೋ ಪಕ್ಕಕ್ಕೆ ಹರಡಿದೆಯೋ ಅಂತ ತಪ್ಪು ಲೆಕ್ಕ ಹಾಕುತ್ತದೆ. ಬಲೆ ಹೋಗುತ್ತೆ, ಒಮ್ಮೊಮ್ಮೆ ಬೋಟೇ ಹೋಗುತ್ತೆ.

ಎರಡನೇ ವೈರಿನಲ್ಲಿ ಮೊದಲ ಮುಖಭಂಗ ಆಯಿತು. ಬಲಬದಿಯ ಹಸಿರು ದೀಪಕ್ಕೆ ಹೋಗುವುದು ಅದು. ದೀಪದ ಹೋಲ್ಡರಿನ ಹತ್ತಿರ ಮೀಟರ್ ಹಿಡಿದರೆ 12.6 ವೋಲ್ಟ್, ಬ್ಯಾಟರಿಯಲ್ಲಿ ಎಷ್ಟೋ ಅಷ್ಟೇ. ವೈರು ಸರಿ ಇದೆ ಅಂತ ಟಿಕ್ ಹಾಕಿದೆ. ಬಲ್ಬ್ ಹಾಕಿದರೆ ಬೀಡಿ ತುದಿಯಷ್ಟು ಬೆಳಕು. ಹೊಸ ಬಲ್ಬ್ ಹಾಕಿದೆ, ಅದೇ ಬೀಡಿ.

ಆಗ ಬಂದವರು ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡುವ ಅಣ್ಣ. ಅರವತ್ತು ದಾಟಿದವರು, ಹತ್ತನೇ ಕ್ಲಾಸೂ ಓದಿಲ್ಲ. ನನ್ನ ಮೀಟರ್ ಕಡೆ ಒಮ್ಮೆ ನೋಡಿ ನಕ್ಕರು.

"ಹ್ವಾಯ್ ಇಂಜಿನಿಯರ್ರೇ, ನಿಮ್ಮ ಮೀಟರಿಗೆ ಹಸಿವಿಲ್ಲೆ. ಬಲ್ಬಿಗೆ ಹಸಿವಿತ್ತ್."

ಒಂದು ಸೆಮಿಸ್ಟರ್ ಪಾಠ ಅದು. ವೋಲ್ಟ್ ಅಳೆಯುವಾಗ ಮೀಟರ್ ಎಳೆದುಕೊಳ್ಳುವ ಕರೆಂಟ್ ಏನೇನೂ ಅಲ್ಲ. ವೈರಿನ ಒಳಗೆ ಎಲ್ಲ ಎಳೆ ಕಿಲುಬು ಹಿಡಿದು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿಗೆ ಪೂರ್ತಿ 12.6 ಸಿಗುತ್ತದೆ. ಬಲ್ಬಿಗೆ ಬೇಕಾದಷ್ಟು ಕರೆಂಟ್ ಹರಿಯಲು ಹೊರಟ ಕೂಡಲೇ ಆ ಒಂದು ಎಳೆ ಸೋತುಬಿಡುತ್ತದೆ. ಬಲ್ಬ್ ಹಾಕಿಟ್ಟೇ ಅಳೆದೆವು: 9 ವೋಲ್ಟ್ ಚಿಲ್ಲರೆ. ಫಿಲಮೆಂಟ್ ಬಲ್ಬಿಗೆ ವೋಲ್ಟ್ ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ವೈರು ಸೀಳಿ ನೋಡಿದರೆ ಒಳಗೆಲ್ಲ ಕಪ್ಪು ಪುಡಿ. ಉಪ್ಪುನೀರು ತುದಿಯಲ್ಲಿ ಹೊಕ್ಕು ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಎಳೆಗಳ ನಡುವೆ ಒಳಕ್ಕೆ ಏರಿಬಿಡುತ್ತದೆ. ಅದಕ್ಕೇ ಬೋಟಿಗೆ ಅಂತಲೇ ಮಾಡುವ ವೈರಿನ ತಾಮ್ರದ ಎಳೆಗಳಿಗೆ ತವರ ಲೇಪಿಸಿರುತ್ತಾರೆ. ಬೆಲೆ ಜಾಸ್ತಿ, ಆದರೆ ಬಾಳಿಕೆಗೆ ಹೋಲಿಕೆಯೇ ಇಲ್ಲ.

ಅಣ್ಣ ಇನ್ನೊಂದು ಉಪಾಯ ಹೇಳಿಕೊಟ್ಟರು. ಲಾರಿಯ 21 ವ್ಯಾಟಿನ ಒಂದು ಬಲ್ಬಿಗೆ ಎರಡು ವೈರು ಕಟ್ಟಿ ಜೇಬಲ್ಲೇ ಇಟ್ಟುಕೊಂಡಿರುತ್ತಾರೆ. ಗೊತ್ತಿಲ್ಲದ ವೈರಿಗೆ ನೇರ ಬ್ಯಾಟರಿ ಕೊಡುವ ಬದಲು ನಡುವೆ ಈ ಬಲ್ಬ್ ಇಟ್ಟು ಕೊಡುವುದು. ಬಲ್ಬ್ ಪೂರ್ತಿ ಉರಿದರೆ ಆ ಕಡೆ ಶಾರ್ಟ್ ಅಥವಾ ದೊಡ್ಡ ಹೊರೆ. ಮಂದವಾಗಿ ಉರಿದರೆ ಯಾವುದೋ ಉಪಕರಣ ಇದೆ. ಉರಿಯಲೇ ಇಲ್ಲವೋ, ಆ ವೈರಿನ ಸರ್ಕ್ಯೂಟ್ ಎಲ್ಲೋ ತೆರೆದಿದೆ. ಏನೇ ಆದರೂ ಬಲ್ಬ್ ಬಿಡುವಷ್ಟೇ ಕರೆಂಟ್, ಅಂದರೆ ಹೆಚ್ಚೆಂದರೆ ಎರಡು ಆಂಪಿಯರಿಗೂ ಕಡಿಮೆ. ಬೆಂಕಿ ಹತ್ತುವ ಭಯವಿಲ್ಲ. ಲಾರಿ ಬಲ್ಬಿನಿಂದ ಇಷ್ಟೊಂದು ವಿಷಯ ತಿಳಿಯುತ್ತೆ ಅಂತ ನಂಗೆ ಯಾವ ಲ್ಯಾಬಿನಲ್ಲೂ ಯಾರೂ ಹೇಳಿರಲಿಲ್ಲ.

ಏಳನೇ ವೈರು ನನಗೆ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ಎಂಜಿನ್ ಪಕ್ಕಕ್ಕೆ ಹೋಗುವ ಸಣ್ಣ ವೈರು. ಮೀಟರ್ ಹಿಡಿದರೆ ನೇರ ಎಂಜಿನ್ ಬಾಡಿಗೆ ಬೀಪ್. ಶಾರ್ಟ್ ಆಗಿದೆ ಅಂದುಕೊಂಡು ಕತ್ತರಿಸಲು ಹೊರಟಿದ್ದೆ. ಅಣ್ಣ ತಡೆದರು. ಅದು ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರು. ಎಂಜಿನ್ ನಿಂತಾಗ ಆಯಿಲ್ ಒತ್ತಡ ಇರಲ್ಲ, ಸ್ವಿಚ್ ಮುಚ್ಚಿರುತ್ತದೆ, ಹಾಗಾಗಿ ಬೀಪ್. ಎಂಜಿನ್ ಚಾಲೂ ಆಗಿ ಒತ್ತಡ ಏರಿದ ಮೇಲೆ ಸ್ವಿಚ್ ತೆರೆಯುತ್ತದೆ, ಎಚ್ಚರಿಕೆ ದೀಪ ಆರುತ್ತದೆ. ಬೈಕಿನಲ್ಲೋ ಕಾರಿನಲ್ಲೋ ಕೀ ತಿರುಗಿಸಿದಾಗ ಒಂದು ಕ್ಷಣ ಕೆಂಪು ಎಣ್ಣೆ ಗಿಂಡಿ ಕಾಣಿಸಿ ಮಾಯವಾಗುತ್ತಲ್ಲ, ಅದೇ. ಒಂದೇ ವೈರು, ಎಂಜಿನ್ ನಿಂತಾಗ ಒಂದು ಉತ್ತರ, ಓಡುವಾಗ ಇನ್ನೊಂದು ಉತ್ತರ.

ಇದನ್ನು ಕೇಳಿ ತಲೆಯಾಡಿಸಿದೆ. ನೋಟ್‌ಬುಕ್ಕಿನಲ್ಲಿ ಕೂಡ ಬರೆದುಕೊಂಡೆ. ಬರೆದುಕೊಂಡದ್ದು ತಲೆಗೆ ಇಳಿಯಬೇಕಲ್ಲ.

ಎಂಟನೆಯದು ದಪ್ಪ ಕಪ್ಪು ಕೇಬಲ್, ಬೋಟಿನ ತಳಕ್ಕೆ ಹೋಗಿತ್ತು. ಹಳೇ ಫಿಶ್ ಫೈಂಡರಿನದು. ತಳದಲ್ಲಿ ನೀರಿಗೆ ಶಬ್ದ ಬಿಟ್ಟು ಮರುದನಿ ಕೇಳುವ ಬಿಲ್ಲೆ ಇನ್ನೂ ಇತ್ತು. ಹಾಗೇ ಬಿಟ್ಟೆವು.

ಈಗ ಒಂಬತ್ತು.

ಅದು ಸ್ವಿಚ್‌ಬೋರ್ಡಿಗೆ ಬಂದಿರಲೇ ಇಲ್ಲ. ಮೇನ್ ಸ್ವಿಚ್ಚನ್ನೂ ದಾಟಿ ನೇರ ಬ್ಯಾಟರಿಯ ಪ್ಲಸ್ಸಿಗೆ ಕಟ್ಟಿತ್ತು. ನಡುವೆ ತುಕ್ಕು ಹಿಡಿದ ಒಂದು ಫ್ಯೂಸ್ ಡಬ್ಬಿ. ವೈರು ಕೊಳೆ ಹತ್ತಿದ ಕಂದು ಬಣ್ಣ, ಎಂಜಿನ್ ಕೆಳಗಿನ ಹಲಗೆಯ ಸಂದಿಯಲ್ಲಿ ಇಳಿದು ಕಾಣೆಯಾಗುತ್ತಿತ್ತು. ಮೀಟರ್ ಹಾಕಿದೆ, ಬೀಪ್ ಇಲ್ಲ. ಕರೆಂಟ್ ಅಳೆದೆ, ಸೊನ್ನೆ. ಅಣ್ಣನ ಬಲ್ಬ್ ಇಟ್ಟು ಕೊಟ್ಟೆ, ಉರಿಯಲಿಲ್ಲ. ಮೂರು ಪರೀಕ್ಷೆ, ಮೂರಕ್ಕೂ ಒಂದೇ ಉತ್ತರ: ಸತ್ತಿದೆ.

ಆ ದಿನ ಅಣ್ಣ ಬೇರೆ ಬೋಟಿಗೆ ಹೋಗಿದ್ದರು. ಹಿಂದಿನ ದಿನವೇ ಹೇಳಿದ್ದರು, "ಯಾವ ವೈರಾರೂ ಕೈಯಾಗ್ ಹಿಡ್ಕಂಡ್ ಕೊನೆವರೆಗೆ ಹೋಯ್ಕ್." ಹೋಗಬೇಕಾದರೆ ಎಂಜಿನ್ ಪಕ್ಕದ ಹಲಗೆ ಎಬ್ಬಿಸಿ, ಡೀಸೆಲ್, ಗ್ರೀಸ್, ಮೀನಿನ ಕೊಳೆ ಸೇರಿದ ಕೆಸರಿನಲ್ಲಿ ಹೊಟ್ಟೆ ಮೇಲೆ ತೆವಳಬೇಕಿತ್ತು. ಮಧ್ಯಾಹ್ನ ಎರಡಕ್ಕೆ ನನಗೆ ಆಫೀಸ್ ಮೀಟಿಂಗ್. ಹೋಗಲಿಲ್ಲ.

ಅಷ್ಟಕ್ಕೂ ನನ್ನ ತರ್ಕ ಪೂರ್ತಿ ತಪ್ಪಲ್ಲ. ನೇರ ಬ್ಯಾಟರಿಗೆ ಕಟ್ಟಿದ, ಎಲ್ಲಿಗೂ ಹೋಗದ ಜೀವಂತ ವೈರು ಬೋಟಿನ ತಳದಲ್ಲಿ ಬಿದ್ದಿರುವುದು ಅಪಾಯವೇ. ಅದರ ತುದಿ ತಳದ ಉಪ್ಪುನೀರಿಗೆ ತಾಗಿದರೆ ಕರೆಂಟ್ ನೀರಿನ ಮೂಲಕ ದಾರಿ ಹುಡುಕಿ ಪ್ರೊಪೆಲ್ಲರು, ಶಾಫ್ಟು, ವಾಲ್ವುಗಳ ಲೋಹವನ್ನು ತಿಂದು ಹಾಕುತ್ತದೆ. ಸಾಮಾನ್ಯ ತುಕ್ಕಿಗಿಂತ ಎಷ್ಟೋ ಪಟ್ಟು ವೇಗ. ತಳಕ್ಕೆ ಹೊಡೆಯುವ ಸತುವಿನ ತುಂಡೂ ಇಂಥ ಕರೆಂಟಿನ ಎದುರು ಬಹಳ ದಿನ ನಿಲ್ಲಲ್ಲ.

"ತೆಗ್ದ್ರೆ ಅಡ್ಡಿಲ್ಯಾ?" ಭಾವ ಕೇಳಿದರು.

"ಅಡ್ಡಿಲ್ಲ ಭಾವ, ಸತ್ತ ವೈರು."

ಐಟಿಯವರಿಗೆ ಸ್ಕ್ರೀಮ್ ಟೆಸ್ಟ್ ಗೊತ್ತಿರುತ್ತೆ. ಯಾವುದೋ ಹಳೇ ಸರ್ವರ್ ಓಡ್ತಿದೆ, ಯಾರದ್ದು ಅಂತ ಗೊತ್ತಿಲ್ಲ. ಬಂದ್ ಮಾಡಿ ಕಾಯುವುದು. ಯಾರಾದರೂ ಕಿರುಚಿದರೆ ಮತ್ತೆ ಚಾಲೂ ಮಾಡುವುದು, ಯಾರೂ ಕಿರುಚದಿದ್ದರೆ ಶಾಶ್ವತವಾಗಿ ತೆಗೆಯುವುದು. ನಾನು ಮಾಡಿದ್ದು ಅದೇ. ಐದು ದಿನ ಬೋಟಿನಲ್ಲಿ ಎಲ್ಲ ಕೆಲಸ ಮಾಡುತ್ತಿತ್ತು, ಯಾವುದೂ ಕಿರುಚಲಿಲ್ಲ. ನಾನು ಬೆಂಗಳೂರಿಗೆ ಬಸ್ ಹತ್ತಿದೆ.

ಜುಲೈ ಕೊನೆ ವಾರ ಬೋಟು ನೀರಿಗಿಳಿಸಿದರು. ಮರದ ಬೋಟು ದಡದಲ್ಲಿ ವಾರಗಟ್ಟಲೆ ಇದ್ದಾಗ ಹಲಗೆ ಒಣಗಿ ಕುಗ್ಗುತ್ತದೆ. ಸಂದಿಗೆ ಹತ್ತಿ ತುಂಬಿ ಮೆತ್ತಿದ್ದರೂ ನೀರಿಗಿಳಿದ ಮೊದಲ ಒಂದೆರಡು ದಿನ ಸ್ವಲ್ಪ ಜಿನುಗುತ್ತದೆ. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಸಂದಿ ತಾನಾಗಿ ಬಿಗಿಯುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ. ಭಾವ ರಾತ್ರಿ ಹತ್ತಕ್ಕೆ ಎಂಜಿನ್ ಹಾಕಿ, ಅದರ ಬೆಲ್ಟಿನಿಂದ ಓಡುವ ಪಂಪಿನಲ್ಲಿ ತಳದ ನೀರು ಖಾಲಿ ಮಾಡಿ, ಹೊನ್ನಾವರ ಕಡೆಯ ಕಲಾಸಿ ಹುಡುಗನೊಬ್ಬನನ್ನು ಕಾವಲಿಗೆ ಮಲಗಿಸಿ ಮನೆಗೆ ಬಂದಿದ್ದರು.

ನಾಲ್ಕರ ಹೊತ್ತಿಗೆ ಆ ಹುಡುಗನಿಗೆ ಎಚ್ಚರವಾಯಿತು. ಶಬ್ದಕ್ಕಲ್ಲ. ಬೋಟು ತೂಗುವ ರೀತಿ ಬದಲಾಗಿತ್ತು ಅಂದ. ಹಗುರವಾಗಿ ಆ ಕಡೆ ಈ ಕಡೆ ತೂಗಬೇಕಾದದ್ದು ಒಂದು ಕಡೆ ವಾಲಿ, ಯೋಚನೆ ಮಾಡಿ, ನಿಧಾನಕ್ಕೆ ವಾಪಸ್ ಬರುತ್ತಿತ್ತಂತೆ. ಟಾರ್ಚ್ ಹಾಕಿ ನೋಡಿದರೆ ಎಂಜಿನ್ನಿನ ಅರ್ಧಕ್ಕೆ ನೀರು, ಅದರ ಮೇಲೆ ತೇಲುವ ಡೀಸೆಲ್.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಐದು ಲೀಟರ್ ಜಿನುಗಿತು ಅಂತಿಟ್ಟುಕೊಳ್ಳಿ, ಬಕೆಟಿನ ಕಾಲು ಭಾಗವೂ ಅಲ್ಲ ಅನ್ನಿಸುವಷ್ಟು. ಆರು ಗಂಟೆಗೆ 1,800 ಲೀಟರ್, ಸುಮಾರು ಎರಡು ಟನ್ ತೂಕ. ಇನ್ನೆರಡು ಗಂಟೆ ಆ ಹುಡುಗ ಮಲಗಿದ್ದರೆ ಏನಾಗುತ್ತಿತ್ತು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ.

ಅಕ್ಕಪಕ್ಕದ ಬೋಟಿನವರು ಬಕೆಟ್ ಹಿಡಿದು ಬಂದರು, ಒಬ್ಬರು ಪಂಪ್‌ಸೆಟ್ ತಂದರು. ಬೆಳಗಾಗುವಷ್ಟರಲ್ಲಿ ಬೋಟು ಉಳಿಯಿತು. ಸ್ಟಾರ್ಟರ್ ಮೋಟಾರಿನ ಒಳಗೆ ಉಪ್ಪುನೀರು ಹೋಗಿ ವೈಂಡಿಂಗ್ ಹಾಳು, ಎಂಜಿನ್ ಆಯಿಲ್ ಎರಡು ಸಲ ಬದಲು, ಸೀಸನ್ನಿನ ಮೊದಲ ಒಂಬತ್ತು ದಿನ ನಷ್ಟ. ನಿಷೇಧ ಮುಗಿದ ಮೇಲಿನ ಮೊದಲ ದಿನಗಳ ಮೀನಿಗೆ ಏನು ಬೆಲೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ನಾನು ಅದೇ ರಾತ್ರಿ ಬಸ್ಸಿಗೆ ಹೊರಟೆ. ಅಣ್ಣ ನನಗೋಸ್ಕರ ಕಾಯುತ್ತಿದ್ದರು. ಬೈಯಲಿಲ್ಲ. ಹಲಗೆ ಎಬ್ಬಿಸಿ, ಒಂಬತ್ತನೇ ವೈರು ನನ್ನ ಕೈಗೆ ಕೊಟ್ಟು, "ಹೋಯ್ನಿ" ಅಂದರು. ತೆವಳಿದೆ. ಗೇರ್‌ಬಾಕ್ಸ್ ಹಿಂದೆ, ಬೋಟಿನ ಅತಿ ಆಳದ ಜಾಗದಲ್ಲಿ, ಕೆಸರು ಮೆತ್ತಿದ ಪ್ಲಾಸ್ಟಿಕ್ ಹಿಡಿಕೆಯಂಥದ್ದೊಂದು ಸಿಕ್ಕಿತು. ಅದರ ಪಕ್ಕದಲ್ಲಿ ಮುಷ್ಟಿ ಗಾತ್ರದ ಪಂಪು.

ಫ್ಲೋಟ್ ಸ್ವಿಚ್. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ಹಾಗೆ. ತಳದಲ್ಲಿ ನೀರು ಏರಿದರೆ ಹಿಡಿಕೆ ಮೇಲೇಳುತ್ತದೆ, ಸ್ವಿಚ್ ಮುಚ್ಚುತ್ತದೆ, ಪಂಪು ಓಡುತ್ತದೆ. ನೀರಿಲ್ಲದಾಗ ಹಿಡಿಕೆ ಕೆಳಗೆ, ಸ್ವಿಚ್ ತೆರೆದಿರುತ್ತದೆ. ದಡದ ಮೇಲೆ ಒಣಗಿದ ಬೋಟಿನಲ್ಲಿ ನಾನು ನೂರು ಸಲ ಅಳೆದರೂ ಬೀಪ್ ಬರುವುದಿಲ್ಲ, ಕರೆಂಟ್ ಸೊನ್ನೆಯೇ, ಬಲ್ಬ್ ಉರಿಯುವುದೇ ಇಲ್ಲ. ನನ್ನ ಮೂರೂ ಪರೀಕ್ಷೆ ಸರಿಯಾಗಿಯೇ ಇದ್ದವು. ಸತ್ತಿರಲಿಲ್ಲ ಅದು, ನಿದ್ದೆ ಮಾಡುತ್ತಿತ್ತು. ಮೇನ್ ಸ್ವಿಚ್ ದಾಟಿ ನೇರ ಬ್ಯಾಟರಿಗೆ ಕಟ್ಟಿದ್ದೂ ಅದಕ್ಕೇ: ರಾತ್ರಿ ಎಲ್ಲ ಆಫ್ ಮಾಡಿ ಜನ ಮನೆಗೆ ಹೋದ ಮೇಲೆ ತಾನೇ ಅದರ ಕೆಲಸ ಶುರು. ನಾನು ಅಪಾಯ ಅಂದುಕೊಂಡ ಲಕ್ಷಣವೇ ಅದರ ಗುರುತಾಗಿತ್ತು. ವೈರಿನ ಬಣ್ಣ ಕೂಡ. ಕೊಳೆ ಅಂದುಕೊಂಡಿದ್ದೆ, ಒರೆಸಿದರೆ ಅಸಲಿ ಕಂದು. ಪಂಪಿಗೆ ಕಂದು ಅಂತ ನಾನೇ ಮೊದಲ ದಿನ ಓದಿದ್ದೆನಲ್ಲ.

ನಮ್ಮ ಕಡೆಯ ಇಂಥ ಚಿಕ್ಕ ಬೋಟುಗಳಲ್ಲಿ ಎಂಜಿನ್ ಬೆಲ್ಟಿನ ಪಂಪು, ಕೈಪಂಪು ಇವೇ ಹೆಚ್ಚು. ಹಾಗಾಗಿ ಭಾವನಿಗೂ ಅನುಮಾನ ಬಂದಿರಲಿಲ್ಲ. ಪಂಪಿನ ಮೇಲೆ 500 ಗ್ಯಾಲನ್ ಅಂತ ಅಚ್ಚಾಗಿತ್ತು, ಗಂಟೆಗೆ ಸುಮಾರು 1,900 ಲೀಟರ್. ನೀರು ಮೇಲೆತ್ತುವ ಎತ್ತರ, ಪೈಪಿನ ತಿರುವು ಎಲ್ಲ ಕಳೆದರೂ ಆ ರಾತ್ರಿಯ ಜಿನುಗು ಅದಕ್ಕೆ ಗಂಟೆಗೆ ಹದಿನೈದು, ಇಪ್ಪತ್ತು ನಿಮಿಷದ ಕೆಲಸ. ಹುಡುಗನಿಗೆ ಎಚ್ಚರವೂ ಆಗುತ್ತಿರಲಿಲ್ಲ.

ಇದಕ್ಕಿಂತ ಚುಚ್ಚಿದ್ದು ಆಮೇಲಿನ ಒಂದು ಫೋನ್. ಬೋಟ್ ಮಾರಿದವರ ಹತ್ತಿರ ಕೊನೆಗೆ ರೇಟಿನ ವಿಷಯದಲ್ಲಿ ಸ್ವಲ್ಪ ಮಾತಾಗಿತ್ತು, ಭಾವ ಮತ್ತೆ ಅವರಿಗೆ ಫೋನ್ ಮಾಡಲು ಇಷ್ಟಪಟ್ಟಿರಲಿಲ್ಲ. ನನಗೆ ಕೇಳಬೇಕು ಅಂತಲೇ ಹೊಳೆದಿರಲಿಲ್ಲ, ಮೀಟರ್ ಇತ್ತಲ್ಲ ಕೈಯಲ್ಲಿ. ಈಗ ಅಕ್ಕನೇ ಮಾಡಿದಳು. ಅವರು ಒಂದೇ ಮಾತಲ್ಲಿ ಹೇಳಿದರು: ಬ್ಯಾಟರಿಗೆ ನೇರ ಇರುವುದು ಪಂಪಿನದು, ಅದನ್ನೊಂದು ತೆಗೀಬೇಡಿ, ಒಮ್ಮೆ ಬೋಟು ಮುಳುಗುವುದು ತಪ್ಪಿದ ಮೇಲೆ ಹಾಕಿಸಿದ್ದು. ನಲವತ್ತು ಸೆಕೆಂಡಿನ ಕರೆ.

ವೈರು ಹೊಸದು ಹಾಕಿದೆವು, ತವರ ಲೇಪಿಸಿದ್ದು. ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್. ಜಾಯಿಂಟುಗಳನ್ನು ತಳದ ನೀರು ಎಟಕದ ಎತ್ತರಕ್ಕೆ ತಂದು, ಕಾಯಿಸಿದರೆ ಕುಗ್ಗಿ ಹಿಡಿಯುವ ಕೊಳವೆ ಹಾಕಿದೆವು. ಪಂಪು ಓಡಿದಾಗ ಕ್ಯಾಬಿನ್ನಿನಲ್ಲಿ ಒಂದು ಕೆಂಪು ದೀಪ ಹತ್ತುವಂತೆ ಮಾಡಿದ್ದು ನನ್ನ ಐಡಿಯಾ. ನಂದೂ ಒಂದು ಇರಲಿ ಅಂತ. ಅಣ್ಣ ಅದಕ್ಕೆ ಮಾತ್ರ "ಲಾಯ್ಕಿತ್ತ್" ಅಂದರು.

ಭಾವ ಈಗ ಪ್ರತಿದಿನ ಬೋಟಿನಿಂದ ಇಳಿಯುವ ಮುಂಚೆ ಒಂದು ಕೋಲಿನಿಂದ ಆ ಹಿಡಿಕೆ ಎತ್ತಿ, ಪಂಪು ಗುರ್ ಅಂದ ಮೇಲೆಯೇ ದಡಕ್ಕೆ ಕಾಲಿಡುತ್ತಾರೆ. ಸ್ವಿಚ್‌ಬೋರ್ಡಿನ ಬಾಗಿಲ ಒಳಗೆ ಹನ್ನೊಂದು ವೈರಿನ ನಕ್ಷೆ ಅಂಟಿಸಿದೆ, ಲ್ಯಾಮಿನೇಷನ್ ಮಾಡಿಸಿ. ಹತ್ತನೆಯದು ಹಾರ್ನ್ ಅಂತ ಗೊತ್ತಾಯಿತು. ಹನ್ನೊಂದನೆಯದು ಮುಂಭಾಗದ ಹಲಗೆಯ ಹಿಂದೆ ಎಲ್ಲೋ ಹೋಗುತ್ತದೆ, ಎರಡು ದಿನ ಹುಡುಕಿದರೂ ಕೊನೆ ಸಿಗಲಿಲ್ಲ. ಮಾರಿದವರಿಗೂ ಗೊತ್ತಿಲ್ಲವಂತೆ, ಅವರಿಗಿಂತ ಮುಂಚಿನವರದ್ದು. ಒಂದು ಸಣ್ಣ ಫ್ಯೂಸ್ ಹಾಕಿ ಇದ್ದ ಜಾಗದಲ್ಲೇ ಬಿಟ್ಟು, ನಕ್ಷೆಯಲ್ಲಿ ಅದರ ಎದುರು "ಗೊತ್ತಿಲ್ಲ, ತೆಗೆಯಬೇಡಿ" ಎಂದು ಬರೆದಿದ್ದೇನೆ. ಮುಂದಿನ ಜೂನ್‌ಗೆ ಆ ಹಲಗೆ ಬಿಚ್ಚುವಾಗ ಬರಬೇಕು ಅಂತ ಭಾವ ಈಗಲೇ ಹೇಳಿದ್ದಾರೆ. ರಜೆ ಹಾಕಿದ್ದೀನಿ.